ಸಣ್ಣ ಬಾಟ್ಲಿ

ಹಗರಿಬೊಮ್ಮನಹಳ್ಳಿಯಲ್ಲಿ ಗುರುಸಂಗಪ್ಪನ ಮನೆ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗಿದ್ದರೆ ಸಾಕು. ಓಣಿಯ ತಿರುವಿನಲ್ಲೇ ಫಿನಾಯಿಲ್ ವಾಸನೆ ಎದುರು ಬಂದು ಕರೆದುಕೊಂಡು ಹೋಗುತ್ತದೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನೀಲಿ ಡ್ರಮ್ಮುಗಳು, ಕಲಕುವ ಉದ್ದನೆಯ ಕೋಲುಗಳು, ಖಾಲಿ ಬಾಟಲಿಗಳ ರಾಶಿ. ಅಲ್ಲಿ ತಯಾರಾಗುವುದು ಬಿಳಿ ಫಿನಾಯಿಲ್, ಬಚ್ಚಲು ತೊಳೆಯುವ ಆಸಿಡ್, ಮತ್ತು ನೋಡಲು ಜೇನಿನ ಬಣ್ಣದ, ನೀರಿಗೆ ಬಿದ್ದೊಡನೆ ಹಾಲಿನ ಹಾಗೆ ಬೆಳ್ಳಗಾಗುವ ಕ್ರಿಮಿನಾಶಕ. ಹೋಟೆಲಿನವರು, ಕಲ್ಯಾಣಮಂಟಪದವರು, ಕೊಟ್ಟೂರು-ಕೂಡ್ಲಿಗಿಯ ಅಂಗಡಿಯವರು ಎಲ್ಲರೂ ಗಿರಾಕಿಗಳೇ. ಸರಕು ಒಯ್ಯುವ ಆಟೋದ ಹಿಂದೆ ಗುರುಸಂಗಪ್ಪ ಕೆಂಪು ಅಕ್ಷರದಲ್ಲಿ ಬರೆಸಿದ್ದ: "ಒಂದು ಕ್ರಿಮಿಯೂ ಉಳಿಯದು!" ಊರಿನ ಗಂಡಸರಲ್ಲಿ ತನ್ನಷ್ಟು ಸ್ವಚ್ಛ ದಂಧೆ ಯಾರದೂ ಅಲ್ಲ ಎಂಬ ಹೆಮ್ಮೆ ಅವನಿಗೆ.

ಆ ಮನೆಯಲ್ಲಿ ಇನ್ನೊಂದು ಸರಕೂ ಇತ್ತು. ಅದು ಆಟೋ ಹತ್ತುತ್ತಿರಲಿಲ್ಲ, ಹಿತ್ತಲ ಬಾಗಿಲಿನಿಂದ ಸೆರಗಿನ ಮರೆಯಲ್ಲಿ ಹೋಗುತ್ತಿತ್ತು. ಅದೇ ಜೇನು ಬಣ್ಣದ ಔಷಧವನ್ನು ಗುರುಸಂಗಪ್ಪನ ಹೆಂಡತಿ ನಾಗಲಿಂಗಮ್ಮ ಅಂಗೈಯಲ್ಲಿ ಅಡಗುವಂಥ ಬಾಟಲಿಗೆ ತುಂಬಿ, ಎರಡು ಹನಿ ಗುಲಾಬಿ ಎಸೆನ್ಸ್ ಬಿಟ್ಟು ಹೆಂಗಸರಿಗೆ ಮಾರುತ್ತಿದ್ದಳು. ಬಿಳಿ ಹೋಗುತ್ತದೆ, ಕೆರೆತ, ವಾಸನೆ ಎಂದು ಬಂದವರು ಕಿವಿಯಲ್ಲಿ ಹೇಳಿದರೆ ಈಕೆಯೂ ಕಿವಿಯಲ್ಲೇ ಹೇಳುವಳು, "ಬಿಸಿನೀರಿಗೆ ಒಂದು ಮುಚ್ಚಳ ಹಾಕು, ಒಳಗಿಂದ ತೊಳಕೋ." ಹೆಸರಿಲ್ಲದ ಆ ಸರಕನ್ನು ಎಲ್ಲರೂ ಸಣ್ಣ ಬಾಟ್ಲಿ ಎನ್ನುತ್ತಿದ್ದರು. ಅದರ ರೊಕ್ಕಕ್ಕೆ ಗುರುಸಂಗಪ್ಪ ಕೈ ಹಾಕುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾಗಲಿಂಗಮ್ಮ ತನ್ನದೆಂದು ಕಂಡದ್ದು ಅದೊಂದೇ ಗಳಿಕೆ. ಅದಕ್ಕಿಂತ ಹೆಚ್ಚಾಗಿ, "ನನ್ನ ಬಾಟ್ಲಿ ಒಯ್ದೋರು ಒಬ್ರೂ ಬಿಟ್ಟಿಲ್ಲ, ಮತ್ತೆ ಮತ್ತೆ ಬರ್ತಾರ" ಎಂದು ಹೇಳಿಕೊಳ್ಳುವುದರಲ್ಲಿ ಆಕೆಗೆ ಬಲು ಸುಖವಿತ್ತು.

ಸೊಸೆ ಪುಷ್ಪಲತಾ ಕೊಟ್ಟೂರಿನವಳು. ಗಂಡ ಅರುಣಕುಮಾರ್ ಆಟೋ ಓಡಿಸಿಕೊಂಡು ಊರೂರಿಗೆ ಸರಕು ಹಾಕಿ ಬರುತ್ತಿದ್ದ. ಬಾಟಲಿಗಳಿಗೆ ಲೇಬಲ್ ಅಂಟಿಸುವ ಕೆಲಸ ಇವಳ ಪಾಲಿಗೆ. ಮದುವೆಯಾದ ಹೊಸದರಲ್ಲೇ ಅತ್ತೆ ಬಚ್ಚಲ ಗೂಡಿನಲ್ಲಿ ಇವಳಿಗೆಂದೇ ಒಂದು ಸಣ್ಣ ಬಾಟ್ಲಿ ಇಟ್ಟು, "ನಮ್ಮ ಮನಿ ಹೆಂಗಸ್ರು ಸ್ವಚ್ಛ ಇರ್ಬೇಕವಾ" ಎಂದಿದ್ದಳು. ಇಂಥ ಮನೆಗೆ ಸೊಸೆಯಾಗಿ ಬಂದು ಅಷ್ಟು ಮಾಡದಿದ್ದರೆ ಹೇಗೆಂದು ಪುಷ್ಪಲತಾ ದಿನವೂ ತೊಳೆದುಕೊಂಡಳು. ಮೊದಲು ಇಲ್ಲದ ಕೆರೆತ ಶುರುವಾಯಿತು, ಆಮೇಲೆ ವಾಸನೆ. ಒಂದು ಮುಚ್ಚಳದ ಬದಲು ಎರಡು ಹಾಕಿದಳು. ಎರಡು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಪಾಡು.

ಹೋದ ವರ್ಷ ಬಸುರಾಗಿ ಆರು ತುಂಬುವ ಹೊತ್ತಿಗೆ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ನೀರು ಒಡೆಯಿತು. ಕೂಸು ಉಳಿಯಲಿಲ್ಲ. ಸೀಮಂತದ ಕುಬುಸಕ್ಕೆಂದು ನಾಗಲಿಂಗಮ್ಮ ಮುಂಚಿತವಾಗಿಯೇ ತಂದಿಟ್ಟಿದ್ದ ಹಸಿರು ಸೀರೆ ಮಡಿಕೆ ಬಿಚ್ಚದೆ ಟ್ರಂಕು ಸೇರಿತು. ಹಣೆಬರಹ ಎಂದರು ಎಲ್ಲರೂ, ಪುಷ್ಪಲತಾಳೂ ಹಾಗೇ ಅಂದುಕೊಂಡು ಅತ್ತಳು.

ಈಗ ಮತ್ತೆ ನಾಲ್ಕನೇ ತಿಂಗಳು. ವಾಸನೆಯೂ ಮತ್ತೆ ಬಂತು, ಗೂಡಿನಲ್ಲಿ ಹೊಸ ಬಾಟ್ಲಿಯೂ ಬಂತು. ಪುಷ್ಪಲತಾ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಹೋದ ಸಲ ಎಲ್ಲರೂ ಹೇಳಿದ್ದನ್ನೆಲ್ಲ ಮಾಡಿದ್ದೆ; ಈ ಸಲ ಕೇಳದೆ ಏನನ್ನೂ ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

"ನಾಳಿ ದವಾಖಾನಿಗೆ ಹೋಗ್ಬೇಕ್ರಿ," ಎಂದಳು ಊಟದ ಹೊತ್ತಿಗೆ, ಗಂಡನ ತಟ್ಟೆಗೆ ಪುಂಡಿಪಲ್ಯ ಬಡಿಸುತ್ತಾ.

"ಮೊನ್ನೇನ ಹೋಗಿ ಬಂದೀಯಲ್ಲ?" ಎಂದ ಅರುಣಕುಮಾರ್.

"ಅದು ಕೂಸಿಂದು. ಇದು ನಂದು."

"ಏನವಾ ಅದು ನಿಂದು?" ಎಂದಳು ನಾಗಲಿಂಗಮ್ಮ.

"ವಾಸನಿ ಬರಾಕತ್ತೈತ್ರಿ ಅತ್ತಿ. ಕೆರತಾನೂ ಐತಿ."

ಗುರುಸಂಗಪ್ಪನಿಗೆ ತಟ್ಟನೆ ಯಾವನೋ ಗಿರಾಕಿಯ ನೆನಪಾಯಿತು. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಫೋನು ಹಿಡಿದು ಎದ್ದು ಹೋದ.

"ಮಾವನ ಮುಂದ ಆಡೋ ಮಾತೇನಬೇ ಇದು? ಬಚ್ಚಲದಾಗ ಬಾಟ್ಲಿ ಇಟ್ಟೀನಲ್ಲ!"

"ಬಾಟ್ಲಿ ಹೋದ ಸಲಾನೂ ಇತ್ರಿ," ಎಂದಳು ಪುಷ್ಪಲತಾ.

ಆಸ್ಪತ್ರೆಯಲ್ಲಿದ್ದ ಹೆಂಗಸರ ಡಾಕ್ಟರು ಹರಪನಹಳ್ಳಿ ಕಡೆಯವರು. ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಾ, ಇದುವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಒಳಗೆ ಏನಾದ್ರೂ ಹಾಕಿ ತೊಳ್ಕೊಳ್ತೀಯೇನಮ್ಮ?"

ಪುಷ್ಪಲತಾ ಚೀಲದಿಂದ ಸಣ್ಣ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಮುಚ್ಚಳ ತೆಗೆದು ಮೂಸಿ ಹುಬ್ಬು ಗಂಟಿಕ್ಕಿದರು.

"ಇದು ನೆಲ ಒರೆಸೋದಲ್ವಾ?"

"ಹೂನ್ರಿ. ನಮ್ಮ ಮನ್ಯಾಗ ಮಾಡೋದ."

"ಕೂತ್ಕೋ," ಎಂದರು ಡಾಕ್ಟರು. "ಯೋನಿಯೊಳಗೆ ನಮಗೆ ಬೇಕಾದ ಜೀವಾಣುಗಳೇ ಇರ್ತವೆ, ಕಣ್ಣಿಗೆ ಕಾಣಲ್ಲ. ಹುಡುಗಿ ದೊಡ್ಡೋಳಾದಾಗಿಂದ ಅಲ್ಲೇ ಮನೆ ಮಾಡ್ಕೊಂಡಿರ್ತವೆ. ಅವು ಆ ಜಾಗನ ಸ್ವಲ್ಪ ಹುಳಿಯಾಗಿ ಇಟ್ಟಿರ್ತವೆ, ಆ ಹುಳಿಗೆ ಕೆಟ್ಟವು ಬೆಳೆಯಲ್ಲ. ನೀನು ದಿನಾ ಇದನ್ನ ಹಾಕಿ ತೊಳೆದ್ರೆ ಮೊದಲು ಸಾಯೋದು ಆ ಒಳ್ಳೆಯವೇ. ಜಾಗ ಖಾಲಿ ಆಯ್ತು ಅಂತ ಕೆಟ್ಟವು ಬಂದು ಕೂತ್ಕೊಳ್ತವೆ. ಆಗ ಈ ವಾಸನೆ."

"ವಾಸನಿ ಬಂತಂತ ನಾ ಮತ್ತೆ ತೊಳೀತೀನ್ರಿ."

"ಮತ್ತೆ ಖಾಲಿ ಮಾಡ್ತೀಯಾ."

ಪುಷ್ಪಲತಾ ಬಾಟ್ಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಹೋದ ಸಲದ ಕೂಸು ಇದಕ್ಕ ಹೋತೇನ್ರಿ?"

"ಇದಕ್ಕೇ ಅಂತ ಹೇಳೋಕೆ ಬರಲ್ಲಮ್ಮ. ನೀರು ಬೇಗ ಒಡೆಯೋಕೆ ಹತ್ತು ಕಾರಣ ಇರ್ತವೆ, ಇಂಥ ಸೋಂಕೂ ಅದರಾಗೊಂದು. ಈ ಸಲ ಆ ಒಂದನ್ನಾದ್ರೂ ಬಾಗಿಲಾಚೆ ಇಡೋಣ." ಬಸುರಿಯರಿಗೆ ಕೊಡಬಹುದಾದ ಮಾತ್ರೆ ಬರೆದುಕೊಟ್ಟರು. "ಪೂರ್ತಿ ಮುಗಿಸು, ನಡುವೆ ಬಿಡಬೇಡ. ತೊಳೆಯೋದು ಬರೀ ನೀರಲ್ಲಿ, ಅದೂ ಹೊರಗೆ ಮಾತ್ರ. ಬೇವಿನ ನೀರು ಬೇಡ, ಕೆಳಗೆ ಹೊಗೆ ಹಿಡಿಯೋದು ಬೇಡ. ಮೊಸರು ಹಚ್ಚು ಅಂತ ಯಾರಾದ್ರೂ ಬರ್ತಾರೆ, ಅದೂ ಬೇಡ. ಸ್ವಲ್ಪ ಬಿಳಿ ಹೋಗೋದು ರೋಗ ಅಲ್ಲ, ಅದು ಆ ಜಾಗದ ಗುಣ. ವಾಸನೆ, ಕೆರೆತ, ಉರಿ ಬಂದ್ರೆ ಮಾತ್ರ ಓಡಿ ಬಾ."

ಮನೆಗೆ ಬಂದು ಪುಷ್ಪಲತಾ ಇದಿಷ್ಟನ್ನೂ ಅತ್ತೆಯ ಮುಂದೆ ಹೇಳಿದಳು. ನಾಗಲಿಂಗಮ್ಮ ಶೇಂಗಾ ಹುರಿಯುತ್ತಿದ್ದಳು. ಮೊದಲು ನಕ್ಕಳು, ಆಮೇಲೆ ಸೌಟು ನಿಂತಿತು.

"ಅಂದ್ರ ನಿನ್ನ ಕೂಸು ನಾ ಕೊಂದೆ ಅಂತೀಯೇನು?"

"ಹಂಗ ಅಂದಿಲ್ರಿ ಅತ್ತಿ. ಡಾಕ್ಟರೂ ಅಂದಿಲ್ಲ."

"ಇನ್ನೇನು ಅನ್ನೋದು ಉಳೀತು? ಊರ ಹೆಂಗಸ್ರು ನನ್ನ ಕೈಗುಣ ಚಲೋ ಅಂತಾರ. ಮನಿ ಸೊಸಿ ನೋಡಿದ್ರ ನೀ ವಿಷ ಹಾಕಿದಿ ಅಂತಾಳ!"

ಶೇಂಗಾ ಸೀದುಹೋದವು. ಅಂದಿನ ಚಟ್ನಿ ಕಹಿಯಾಯಿತು.

ಅರುಣಕುಮಾರ್ ಒಳ್ಳೆಯವನೇ, ಆದರೆ ಜಗಳವೆಂದರೆ ಬಿಸಿ ತಟ್ಟೆ ಮುಟ್ಟಿದವನಂತೆ ಕೈ ಹಿಂದೆ ತೆಗೆಯುವವನು. ಕೋಣೆಯಲ್ಲಿ ಹೆಂಡತಿಗೆ ಉಪಾಯ ಹೇಳಿಕೊಟ್ಟ. "ದಿನಾ ಒಂದು ಮುಚ್ಚಳ ಬಚ್ಚಲಕ್ಕ ಸುರುವು, ತೊಳಕೊಂಡೆ ಅನ್ನು. ಅವ್ವಗೂ ಸಮಾಧಾನ, ನಿನಗೂ ಸಮಾಧಾನ."

"ಸುಳ್ಳು ಹೇಳಿ ನಾ ಉಳಕೋಬಹುದ್ರಿ. ಹಿತ್ತಲ ಬಾಗ್ಲಿಗೆ ಬರ್ತಾರಲ್ಲ, ಅವರ ಗತಿ?"

"ಊರ ಉಸಾಬರಿ ನಿನಗ್ಯಾಕ?"

"ಲೇಬಲ್ ಹಚ್ಚೋ ಕೈ ನಂದು. ಸಣ್ಣ ಬಾಟ್ಲಿ ಇನ್ನ ನಾ ಮುಟ್ಟಂಗಿಲ್ಲ. ದೊಡ್ಡವು ಎಷ್ಟು ಬೇಕಾದ್ರೂ ತರ್ರಿ, ಹಚ್ಚಿ ಕೊಡ್ತೀನಿ."

ವಿಷಯ ಶೆಡ್ಡಿಗೂ ಮುಟ್ಟಿತು. ಗುರುಸಂಗಪ್ಪ ಡ್ರಮ್ಮು ಕಲಕುತ್ತಲೇ ಮಗನಿಗೆ ಹೇಳಿದ, "ಕ್ರಿಮಿ ಅಂದ್ರ ಕ್ರಿಮಿ. ಅದರಾಗ ನಮ್ಮವು, ಅವರವು ಅಂತ ಪಾರ್ಟಿ ಇರ್ತಾವೇನು? ಈ ಮಾತು ಓಣಿಗೆ ಹೋತಂದ್ರ ದೊಡ್ಡ ಬಾಟ್ಲೀನೂ ಯಾರೂ ಒಯ್ಯಂಗಿಲ್ಲ. ನಿನ್ನ ಹೆಂಡ್ತಿಗೆ ಸುಮ್ಮನಿರು ಅನ್ನು."

ಹೆಂಡತಿ ಸುಮ್ಮನಿರಲಿಲ್ಲ, ಆದರೆ ಅತ್ತೆ ಸುಮ್ಮನಾದಳು. ಸೊಸೆಯೊಡನೆ ಮಾತು ಬಿಟ್ಟು ಗೋಡೆಯೊಡನೆ ಶುರು ಮಾಡಿದಳು. "ಉಪ್ಪು ಮುಗಿದೈತಿ, ಯಾರಿಗರ ಗೊತ್ತಿದ್ರ ಚಲೋ" ಎಂದು ಗೋಡೆಗೆ ಹೇಳುವಳು. ಪುಷ್ಪಲತಾ ಉಪ್ಪು ತರಿಸುವಳು. "ಬಸುರಿ ಹೆಂಗಸು ಹೊತ್ತಿಗೆ ಸರಿಯಾಗಿ ಉಣಬೇಕು" ಎಂದೂ ಗೋಡೆಗೇ ಹೇಳುವಳು. ಪುಷ್ಪಲತಾ ಕೂತು ಉಣ್ಣುವಳು. ಗಿರಾಕಿಗಳು ನಿಲ್ಲಲಿಲ್ಲವಾದ್ದರಿಂದ ಸಣ್ಣ ಬಾಟ್ಲಿಗಳನ್ನು ನಾಗಲಿಂಗಮ್ಮ ತಾನೇ ತುಂಬಿ ತಾನೇ ಗುಲಾಬಿ ಚಿತ್ರದ ಚೀಟಿ ಅಂಟಿಸಿದಳು. ಕನ್ನಡಕ ಹಾಕಿಕೊಂಡರೂ ಚೀಟಿ ಸೊಟ್ಟಗೆ ಕೂತವು.

ಪುಷ್ಪಲತಾ ಮಾತ್ರೆ ಮುಗಿಸಿದಳು. ತಣ್ಣೀರು, ಉಗುರುಬೆಚ್ಚನೆಯ ನೀರು, ಅಷ್ಟೇ. ಮೊದಮೊದಲು ಮೈ ತೊಳೆದಂತೆಯೇ ಅನಿಸದೆ ಗೂಡಿನ ಕಡೆ ಕೈ ತಾನಾಗಿ ಏಳುತ್ತಿತ್ತು. ಆ ಕೈಯನ್ನು ಕೆಳಗಿಳಿಸುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಸಂತೆಯ ದಿನ ಕೋಗಳಿ ಕಡೆಯಿಂದ ಭರಮಮ್ಮ ಬಂದಳು. ಕುರಿ ಸಾಕುವ ಮನೆಯ ಗಟ್ಟಿ ಹೆಂಗಸು, ಅತ್ತೆಯ ಹಳೆಯ ಗಿರಾಕಿ. ನಾಗಲಿಂಗಮ್ಮ ಒಳಗಿದ್ದಳು, ಹಿತ್ತಲಲ್ಲಿ ಪುಷ್ಪಲತಾ ಬಟ್ಟೆ ಒಣಹಾಕುತ್ತಿದ್ದಳು.

"ಎರಡು ಕೊಡವಾ ಇವತ್ತು. ಒಂದು ನನಗ, ಒಂದು ಭೂಮಿಕಾಗ. ಹೊಸಳ್ಳಿಗೆ ಕೊಟ್ಟೀವಲ್ಲ, ನನ್ನ ಮಗಳು. ಅಕಿಗೂ ಶುರು ಆಗೈತಂತ."

"ಎಷ್ಟು ವರ್ಷ ಆತ್ರಿ ನೀವು ಇದನ್ನ ಒಯ್ಯಾಕತ್ತು?"

"ಅಯ್ಯ, ಭೂಮಿಕಾ ಇನ್ನಾ ಸಾಲಿಗೆ ಹೋಗ್ತಿದ್ಲು."

"ಕಡಿಮಿ ಆತೇನ್ರಿ?"

"ಹಾಕಿದಾಗ ಆಕ್ಕೈತಿ."

"ಆಮ್ಯಾಲ?"

"ಆಮ್ಯಾಲ ಮತ್ತ ಬರ್ತೈತಿ. ಅದು ಬರ್ತೈತಿ, ನಾನೂ ಬರ್ತೀನಿ!" ಎಂದು ಭರಮಮ್ಮ ಜೋರಾಗಿ ನಕ್ಕಳು. ನಗುತ್ತ ನಗುತ್ತ ಅವಳ ಮುಖದಲ್ಲಿ ನಗು ಕಡಿಮೆಯಾಯಿತು. "ಯಾಕವಾ ಹಿಂಗ ಕೇಳ್ತಿ?"

"ರೋಗ ಹೋಗಿದ್ರ ಔಷಧ ಸಾಕಾಗಬೇಕಿತ್ತಲ್ರಿ," ಎಂದಳು ಪುಷ್ಪಲತಾ. "ನನಗೂ ಸಾಕಾಗಿದ್ದಿಲ್ಲ. ಬಿಟ್ಟ ಮ್ಯಾಲ, ಡಾಕ್ಟರ ಮಾತ್ರಿ ತಗೊಂಡ ಮ್ಯಾಲ ಈಗ ಆರಾಮ ಅದೀನಿ."

ಬಾಗಿಲಲ್ಲಿ ನಾಗಲಿಂಗಮ್ಮ ನಿಂತಿದ್ದಳು. ಕೈಯಲ್ಲಿ ತುಂಬಿದ ಎರಡು ಬಾಟ್ಲಿಗಳಿದ್ದವು. ಬಂದವರು ಮತ್ತೆ ಮತ್ತೆ ಬರುತ್ತಾರೆಂದು ಇಷ್ಟು ವರ್ಷ ಹಿಗ್ಗಿದವಳು, ಅದೇ ಮಾತನ್ನು ಭರಮಮ್ಮನ ಬಾಯಲ್ಲಿ ಈಗ ಮೊದಲ ಸಲ ಕೇಳಿದವಳಂತೆ ನಿಂತಿದ್ದಳು. ಪುಷ್ಪಲತಾ ಬೈಗುಳಕ್ಕೆ ತಯಾರಾಗಿಯೇ ಹಿಂಡಿದ ಸೀರೆಯನ್ನು ಝಾಡಿಸಿದಳು.

"ಇವತ್ತು ಮಾಲು ಇಲ್ಲ ಭರಮಮ್ಮ," ಎಂದಳು ನಾಗಲಿಂಗಮ್ಮ.

"ಕೈಯಾಗ ಐತಲ್ರಿ ಅಕ್ಕಾರ?"

"ಇಲ್ಲ ಅಂದೆನಲ್ಲ." ಎರಡೂ ಬಾಟ್ಲಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಹೊಸಹಳ್ಳಿಯ ಮಗಳನ್ನು ಡಾಕ್ಟರಿಗೆ ತೋರಿಸಿರೆಂದು ಪುಷ್ಪಲತಾ ಭರಮಮ್ಮನಿಗೆ ಹೇಳಿ ಕಳಿಸಿದಳು. ಅತ್ತೆ ಅಂದು ಗೋಡೆಯೊಡನೆಯೂ ಮಾತಾಡಲಿಲ್ಲ. ಮರುದಿನದಿಂದ ಹಿತ್ತಲ ಬಾಗಿಲಿಗೆ ಬಂದವರಿಗೆಲ್ಲ ಮಾಲು ಇಲ್ಲ, ಮಾಲು ಇಲ್ಲ. ಯಾಕೆಂದು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಐದು ತುಂಬಿತು. ಆರು ಹಿಡಿಯಿತು. ಪುಷ್ಪಲತಾ ಒಂದು ಮುಂಜಾನೆ ರೊಟ್ಟಿಯ ಹಿಟ್ಟು ನಾದಿ ಒಲೆಯ ಮುಂದೆ ಕೂತಿದ್ದಳು. ಹೋದ ಸಲ ಇದೇ ತಿಂಗಳು, ಇದೇ ಜಾಗ. ಆದರೂ ಮೊದಲ ರೊಟ್ಟಿ ಬಡಿಯತೊಡಗಿದಳು. ಹಿಂದಿನಿಂದ ಬಂದ ನಾಗಲಿಂಗಮ್ಮ ಅವಳ ತೋಳು ಹಿಡಿದಳು.

"ಏಳು."

"ಆಕ್ಕೈತ್ರಿ, ಮಾಡ್ತೀನಿ."

"ಏಳಂದ್ರ ಏಳು. ಅಲ್ಲಿ ಕುಂದ್ರು. ಇನ್ನ ಮುಂದ ಈ ಒಲಿ ಮುಂದ ನೀ ಕುಂದರೋದು ಬ್ಯಾಡ."

ಒಂದೂವರೆ ತಿಂಗಳ ಮೇಲೆ ಅತ್ತೆ ನೇರವಾಗಿ ಆಡಿದ ಮೊದಲ ಮಾತು ಅದು. ರೊಟ್ಟಿ ಬಡಿಯುವ ಸದ್ದಿನ ನಡುವೆ, ಮುಖ ತಿರುಗಿಸದೆಯೇ ಕೇಳಿದಳು. "ವಾಸನಿ?"

"ಹೋತ್ರಿ."

"ಕೆರತ?"

"ಅದೂ ಹೋತು. ಮೊನ್ನೆ ಮತ್ತೆ ನೋಡಿ ಚಲೋ ಐತಿ ಅಂದ್ರು."

"ಬಾಟ್ಲಿ ಹಾಕದ?"

"ಬಾಟ್ಲಿ ಹಾಕದ."

ನಾಗಲಿಂಗಮ್ಮ ರೊಟ್ಟಿ ತಿರುವಿ ಹಾಕಿದಳು. ಅವಳ ಕಣ್ಣು ತುಂಬಿದ್ದು ಹೊಗೆಗಲ್ಲ, ಅದು ಗ್ಯಾಸಿನ ಒಲೆ.

ಏಳರಲ್ಲಿ ಕುಬುಸ ಮಾಡೋಣವೆಂದು ಕೊಟ್ಟೂರಿನಿಂದ ಪುಷ್ಪಲತಾಳ ತಾಯಿ ಫೋನು ಮಾಡಿದಾಗ ನಾಗಲಿಂಗಮ್ಮ ಬೇಡವೆಂದಳು. "ಒಂಬತ್ತಕ್ಕ ಬೀಳ್ಲಿ, ಅಲ್ಲೀತನ ಉಸಿರು ಬಿಡಂಗಿಲ್ಲ ನಾನು." ಅಂತೂ ಒಂಬತ್ತು ಬಂತು. ಕೂಸು ತೂಕವಾಗಿದೆ, ತಲೆ ಕೆಳಗಾಗಿದೆ, ಇನ್ನು ಹೆದರಬೇಡಿ ಎಂದರು ಡಾಕ್ಟರು. ಆ ಸಂಜೆ ನಾಗಲಿಂಗಮ್ಮ ಶೆಡ್ಡಿಗೆ ಹೋಗಿ ಗಂಡನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ದೊಡ್ಡ ಬಾಟ್ಲಿ ಲೇಬಲ್ ಮ್ಯಾಲ 'ನೆಲಕ್ಕೆ ಮಾತ್ರ, ಮೈಗೆ ಅಲ್ಲ' ಅಂತ ಹಾಕಸ್ರಿ."

"ತಲಿ ಕೆಟ್ಟೈತೇನು? ಗಿರಾಕಿ ಹೆದರ್ತಾರ!"

"ಹೆದರ್ಲಿ. ನೆಲಾ ತೊಳಿಯೋರು ಯಾಕ ಹೆದರ್ತಾರ? ಹೆದರಬೇಕಾದೋರು ಹೆದರ್ಲಿ."

"ಸೊಸಿ ಮಾತು ಕೇಳಿ ಕುಣೀಬ್ಯಾಡ."

"ಮೊದ್ಲ ಕೇಳಬೇಕಿತ್ತು," ಎಂದಳು ನಾಗಲಿಂಗಮ್ಮ. "ಅಕ್ಷರ ದೊಡ್ಡವು ಇರ್ಲಿ. ನನಗ ಕನ್ನಡಕ ಇಲ್ಲದ ಕಾಣಬೇಕು."

ಗುರುಸಂಗಪ್ಪ ಮಗನ ಮುಖ ನೋಡಿದ. ಜಗಳಕ್ಕೆ ಸದಾ ಹಿಂದೆ ಸರಿಯುವ ಅರುಣಕುಮಾರ್ ಈ ಸಲ, "ಪ್ರೆಸ್ಸಿಗೆ ನಾ ಹೋಗಿ ಬರ್ತೀನಿ" ಎಂದು ಗಾಡಿಯ ಕೀಲಿ ಎತ್ತಿಕೊಂಡ.

ಕುಬುಸಕ್ಕೆ ಕರೆಯಲು ನಾಗಲಿಂಗಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದಳು. ಹಣೆಗೆ ಕುಂಕುಮ ಹಚ್ಚುವಳು, ಬಾಗಿಲಲ್ಲಿ ಗಂಡಸರಿಲ್ಲವೆಂದು ನೋಡಿಕೊಳ್ಳುವಳು, ಆಮೇಲೆ ಕಿವಿಯಲ್ಲಿ ಹೇಳುವಳು. "ನನ್ನ ಸೊಸಿ ಕುಬುಸ ಐತಿ, ಉಡಿ ತುಂಬಾಕ ಬರ್ರಿ. ಬರುವಾಗ ಸಣ್ಣ ಬಾಟ್ಲಿ ಮನ್ಯಾಗಿದ್ರ ತರ್ರಿ. ತುಂಬಿದ್ದಿರ್ಲಿ, ಅರ್ಧ ಇರ್ಲಿ."

"ಹೊಸಾದು ಕೊಡ್ತೀರೇನ್ರಿ?"

"ಬರ್ರಿ ಮೊದ್ಲ, ಹೇಳ್ತೀನಿ."

ಬಂದರು. ಒಂದು ಕೈಯಲ್ಲಿ ಕುಬುಸದ ಖಣ, ತೆಂಗಿನಕಾಯಿ. ಇನ್ನೊಂದು ಕೈ ಸೆರಗಿನೊಳಗೆ. ಹಿತ್ತಲ ಬಾಗಿಲ ಬಳಿ ನಾಗಲಿಂಗಮ್ಮ ಒಂದು ಬುಟ್ಟಿ ಇಟ್ಟಿದ್ದಳು. ಒಬ್ಬೊಬ್ಬರೂ ಆ ಕಡೆ ಹೋಗಿ, ಕಾಲು ತೊಳೆದುಕೊಳ್ಳುವ ನೆವದಲ್ಲಿ ಬಗ್ಗಿ, ಟಕ್ಕೆಂದು ಒಂದು ಸದ್ದು ಮಾಡಿ ಬಂದು ಕೂತರು. ಭರಮಮ್ಮ ಮಾತ್ರ ಎಲ್ಲರೆದುರಿಗೇ ತನ್ನ ಬಾಟ್ಲಿಯನ್ನು ಎತ್ತಿ ಹಿಡಿದು ಬಂದಳು, ಅವಳಿಗೆ ಯಾರ ಭಯವೂ ಇರಲಿಲ್ಲ. ಭೂಮಿಕಾಳನ್ನೂ ಕರೆತಂದಿದ್ದಳು.

ಟ್ರಂಕಿನಿಂದ ಹೊರಬಂದ ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಪುಷ್ಪಲತಾ ನಡುಮನೆಯಲ್ಲಿ ಕೂತಿದ್ದಳು. ಉಡಿ ತುಂಬಿದ್ದಾಯಿತು, ಆರತಿ ಆಯಿತು. ಗಂಡಸರನ್ನೆಲ್ಲ ಶೆಡ್ಡಿನ ಕಡೆ ಊಟಕ್ಕೆ ಕಳಿಸಿ, ಹೆಂಗಸರಿಗೆ ಒಳಗೇ ತಟ್ಟೆ ಹಾಕಿಸಿ ನಾಗಲಿಂಗಮ್ಮ ಬಾಗಿಲು ಮುಂದಕ್ಕೆಳೆದಳು. ಇಷ್ಟು ವರ್ಷ ಕಿವಿಯಲ್ಲೇ ಆಡಿದ್ದ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟು ಆಡಿದಳು.

"ಇಲ್ಲಿ ಕೇಳ್ರಿ ಎಲ್ಲಾರೂ. ನಾ ಕೊಟ್ಟಿದ್ದು ನೆಲಾ ತೊಳಿಯೋ ಔಷಧ. ನೆಲಕ್ಕ ಚಲೋದು, ನಮಗಲ್ಲ. ನಮ್ಮೊಳಗ ನಮ್ಮನ್ನ ಕಾಯೋವು ಇರ್ತಾವಂತ, ಈ ಔಷಧ ಮೊದ್ಲ ಅವನ್ನ ಕೊಲ್ತೈತಂತ. ಅದಕ್ಕ ನಿಮಗ ಹೋಗ್ಲಿಲ್ಲ, ನೀವು ಮತ್ತೆ ಮತ್ತೆ ನನ್ನ ಬಾಗ್ಲಿಗೆ ಬಂದ್ರಿ. ನನಗ ತಿಳೀಲಿಲ್ಲ. ಈಗ ತಿಳಿದೈತಿ, ಇನ್ನ ಒಂದು ಹನಿ ಕೊಡಂಗಿಲ್ಲ. ವಾಸನಿ, ಉರಿ ಇದ್ದೋರು ನಾಚಬ್ಯಾಡ್ರಿ, ದವಾಖಾನಿಗೆ ನಡ್ರಿ. ಒಬ್ರ ಹೋಗಾಕ ಹೆದರಿಕಿ ಇದ್ರ ನನ್ನ ಸೊಸಿ ಬರ್ತಾಳ."

"ಒಂಬತ್ತು ತಿಂಗಳ ಬಸುರೀನ ಕಳಿಸ್ತೀರೇನ್ರಿ!" ಎಂದು ಯಾರೋ ಅಂದರು, ನಡುಮನೆ ತುಂಬ ನಗು ಎದ್ದಿತು.

"ಹಡದು ಬರ್ತಾಳ ತಗೋ," ಎಂದಳು ನಾಗಲಿಂಗಮ್ಮ.

ನಗು ಇಳಿದ ಮೇಲೂ ಆಕೆ ಕೂರಲಿಲ್ಲ. ಬುಟ್ಟಿಯ ಕಡೆ ಒಮ್ಮೆ ನೋಡಿ, ಒಳಕೋಣೆಗೆ ಹೋಗಿ, ಸೆರಗಿನ ಮರೆಯಿಲ್ಲದೆ ಒಂದು ಬಾಟ್ಲಿ ಹಿಡಿದು ಬಂದಳು. ಅರ್ಧ ಖಾಲಿಯಾಗಿತ್ತು. ಅದರ ಚೀಟಿ ಸೊಟ್ಟಗಿತ್ತು, ಅಂದರೆ ಸೊಸೆ ಅಂಟಿಸುವುದನ್ನು ಬಿಟ್ಟ ಮೇಲಿನದು. ಅದನ್ನು ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು.

"ಇದು ನಂದು."

ನಾಗಲಿಂಗಮ್ಮ ಬಂದು ಸೊಸೆಯ ಪಕ್ಕ ಕೂತು, ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು.

"ಮುಟ್ಟು ನಿಂತು ಆರು ವರ್ಷ ಆತು, ಉರಿ ನಿಂತಿಲ್ಲ," ಎಂದಳು ಸಣ್ಣ ದನಿಯಲ್ಲಿ. "ನಿನ್ನ ಹೆರಿಗಿ ಎಲ್ಲಾ ಮುಗೀಲಿ, ಆಮ್ಯಾಲ ನನ್ನ ಹೆಸರಿಗೂ ಒಂದು ದವಾಖಾನಿ ಚೀಟಿ ಮಾಡ್ಸವಾ."

ಪುಷ್ಪಲತಾ ಅತ್ತೆಯ ಕೈಯಿಂದ ತುಪ್ಪದ ಗಿಂಡಿ ತೆಗೆದು ಕೆಳಗಿಟ್ಟಳು.

"ಆಮ್ಯಾಲ ಯಾಕ್ರಿ ಅತ್ತಿ?" ಎಂದಳು. "ನಾಳಿ ಹೋಗೂಣು ನಡ್ರಿ."